ಸೊಂಟದ ಆಪರೇಷನ್ ಆಯಿತು, ಎಬ್ಬಿಸಿ ನಡೆಸುವವರು ಯಾರು?

ಮಾನ್ಯ ಸಂಪಾದಕರೇ,

ಬಚ್ಚಲಲ್ಲಿ ಜಾರಿಯೋ, ರಾತ್ರಿ ಎದ್ದಾಗ ಕಾಲು ತೊಡರಿಯೋ ಬಿದ್ದ ಹಿರಿಯರಿಗೆ ಸೊಂಟದ ಬಳಿ ತೊಡೆಮೂಳೆ ಮುರಿದರೆ ಈಗ ಜಿಲ್ಲಾ ಕೇಂದ್ರಗಳಲ್ಲೂ ಒಳ್ಳೆಯ ಆಪರೇಷನ್ ಆಗುತ್ತದೆ. ರಾಡ್ ಹಾಕುತ್ತಾರೆ ಅಥವಾ ಬಾಲ್ ಬದಲಿಸುತ್ತಾರೆ, ಕೆಲವು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊಲಿಗೆ ಬಿಚ್ಚುವ ದಿನ ಇರುತ್ತದೆ, ಕೊನೆಯ ಸಾಲಿನಲ್ಲಿ ‘ಫಿಸಿಯೋಥೆರಪಿ’ ಎಂಬ ಒಂದು ಪದ ಇರುತ್ತದೆ. ಯಾವುದು, ಎಷ್ಟು ಸಲ, ಯಾರು ಮಾಡಿಸಬೇಕು ಎಂಬುದಿಲ್ಲ. ಮನೆಗೆ ಬಂದವರನ್ನು ನೋಡಲು ಬರುವ ನೆಂಟರೆಲ್ಲ “ಮೂರು ತಿಂಗಳು ಅಲುಗಾಡಬಾರದು” ಎಂದು ಹೇಳಿ ಹೋಗುತ್ತಾರೆ. ಮಕ್ಕಳು ಪ್ರೀತಿಯಿಂದಲೇ ಅದನ್ನು ಪಾಲಿಸುತ್ತಾರೆ. ಹೊಲಿಗೆ ಒಣಗುವ ಹೊತ್ತಿಗೆ ಆ ಹಿರಿಯರು ಹಾಸಿಗೆ ಹಿಡಿದಿರುತ್ತಾರೆ.

ಆಪರೇಷನ್ ಮಾಡಿದ್ದೇ ಮರುದಿನ ಎಬ್ಬಿಸಿ ನಿಲ್ಲಿಸಲಿಕ್ಕೆ. ಮಲಗಿಸಿಯೇ ಇಡುವುದಾದರೆ ಅದರ ಅರ್ಧ ಪ್ರಯೋಜನ ಅಲ್ಲಿಗೇ ಹೋಯಿತು. ಸೊಂಟದ ಮುರಿತದ ನಂತರ ಒಂದು ವರ್ಷದೊಳಗೆ ನಾಲ್ಕೈದು ಮಂದಿಯಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ, ಬದುಕಿದವರಲ್ಲಿ ಅರ್ಧದಷ್ಟು ಮಂದಿ ಮೊದಲಿನಂತೆ ನಡೆಯುವುದಿಲ್ಲ ಎಂಬುದು ಹಲವು ದೇಶಗಳ ಅನುಭವ. ಹೀಗೆ ಸೋಲುವವರಲ್ಲಿ ಮೂಳೆ ಕೂಡದೆ ಸೋತವರು ಸ್ವಲ್ಪ. ಉಳಿದವರನ್ನು ಸೋಲಿಸುವುದು ಮಲಗಿದ್ದರಿಂದ ಬರುವ ನ್ಯುಮೋನಿಯಾ, ಬೆನ್ನು ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಮೂತ್ರದ ಸೋಂಕು, ಊಟ ಸೇರದೆ ಕರಗುವ ಮಾಂಸಖಂಡ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆ ಹತ್ತು ದಿನಗಳಲ್ಲಿ ಅವರ ಕಾಲುಗಳ ಮಾಂಸಖಂಡ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ಮೂಳೆ ಮುರಿದು, ರಕ್ತ ಹೋಗಿ, ಊಟ ಬಿಟ್ಟ ಎಪ್ಪತ್ತೈದರ ಅಜ್ಜಿಗೆ ಮೂರು ತಿಂಗಳ ವಿಶ್ರಾಂತಿ ಎಂದರೆ ಏನಾಗುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಮನೆಯವರು ಆಸ್ಪತ್ರೆ ಬಿಡುವ ಮೊದಲು ಕೇಳಿ ಬರೆಸಿಕೊಳ್ಳಬೇಕಾದ ಮೊದಲ ಪ್ರಶ್ನೆ: ಆಗಿರುವುದು ಯಾವ ಆಪರೇಷನ್, ಕಾಲ ಮೇಲೆ ಎಷ್ಟು ಭಾರ ಹಾಕಬಹುದು? ಮುರಿತ ಎರಡು ಬಗೆಯದು. ತೊಡೆಮೂಳೆಯ ಕುತ್ತಿಗೆ ಮುರಿದು ಜಾರಿದ್ದರೆ ಮೂಳೆಯ ಮೇಲ್ತುದಿಯ ಗುಂಡು, ಅಂದರೆ ಬಾಲ್, ಇದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಹರಿದುಹೋಗುತ್ತವೆ. ಆಗ ಜೋಡಿಸಿದರೂ ಗುಂಡು ಸಾಯುವ ಸಂಭವ ಹೆಚ್ಚು. ಆದ್ದರಿಂದ ವಯಸ್ಸಾದವರಿಗೆ ಆ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಬೈಪೋಲಾರ್ ಎನ್ನುವುದು ಇದನ್ನೇ. ಜಾರದ ಮುರಿತಕ್ಕೆ ಸ್ಕ್ರೂ ಸಾಕಾಗಬಹುದು. ಕುತ್ತಿಗೆಯಿಂದ ಸ್ವಲ್ಪ ಕೆಳಗೆ, ಮೂಳೆ ದಪ್ಪಗಾಗುವ ಜಾಗದಲ್ಲಿ ಮುರಿದರೆ ರಕ್ತ ಸಂಚಾರ ಚೆನ್ನಾಗಿರುತ್ತದೆ, ಮೂಳೆ ಕೂಡುತ್ತದೆ. ಅಲ್ಲಿ ಡಿಎಚ್‌ಎಸ್ ಪ್ಲೇಟ್ ಅಥವಾ ಪಿಎಫ್‌ಎನ್ ಎಂಬ ರಾಡ್ ಹಾಕುತ್ತಾರೆ.

ಈ ಎರಡರ ನಿಯಮ ಬೇರೆ ಬೇರೆ. ಬಾಲ್ ಬದಲಿಸಿದವರಿಗೆ, ಅದರಲ್ಲೂ ಹಿಂಬದಿಯಿಂದ ಕೊಯ್ದು ಮಾಡಿದ್ದರೆ, ಕೀಲು ಜಾರುವ ಭಯವಿದೆ. ಆರರಿಂದ ಹನ್ನೆರಡು ವಾರ ಸೊಂಟವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು, ಮಗ್ಗುಲಾಗುವಾಗ ತೊಡೆಗಳ ನಡುವೆ ದಿಂಬು ಇರಬೇಕು. ರಾಡ್ ಹಾಕಿದವರಿಗೆ ಕೀಲು ತಮ್ಮದೇ ಆದ್ದರಿಂದ ಈ ಕಟ್ಟುಪಾಡು ಯಾವುದೂ ಬೇಕಿಲ್ಲ. ಆದರೂ ಎಲ್ಲರಿಗೂ ಒಂದೇ ನಿಷೇಧ ಹೇರಿ ರಾಡ್ ಹಾಕಿದವರನ್ನೂ ಮಗ್ಗುಲಾಗಲು ಬಿಡದ ಮನೆಗಳು ಬಹಳ. ಅದರ ಫಲವಾಗಿ ಬೆನ್ನ ಕೆಳಗೆ ಹುಣ್ಣಾಗುತ್ತದೆ.

ಭಾರದ ವಿಷಯಕ್ಕೂ ಬಹಳ ಗೊಂದಲವಿದೆ. “ಬೆರಳು ತುದಿ ಮಾತ್ರ ತಾಗಿಸಿ”, “ಅರ್ಧ ಭಾರ ಹಾಕಿ” ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ವಯಸ್ಸಾದವರ ತೋಳುಗಳಲ್ಲಿ ದೇಹವನ್ನು ಎತ್ತಿ ಹಿಡಿಯುವ ಶಕ್ತಿ ಇರುವುದಿಲ್ಲ. ಅರ್ಧ ಭಾರ ಎಷ್ಟು ಎಂದು ಕಾಲಿಗೆ ತಿಳಿಯುವುದೂ ಇಲ್ಲ. ಹಾಗೆ ಹೇಳಿದರೆ ಅವರು ನಡೆಯುವುದನ್ನೇ ಬಿಡುತ್ತಾರೆ. ಬಾಲ್ ಬದಲಿಸಿದವರಿಗೂ, ಸರಿಯಾಗಿ ಕೂತ ರಾಡ್ ಇರುವ ಬಹುಪಾಲು ಹಿರಿಯರಿಗೂ ನೋವು ತಡೆದುಕೊಳ್ಳಲಾಗುವಷ್ಟು ಭಾರ ಹಾಕಿ ನಿಲ್ಲಲು ಮೊದಲ ದಿನದಿಂದಲೇ ಅವಕಾಶವಿರುತ್ತದೆ. ಮೂಳೆ ತೀರಾ ಚೂರಾಗಿದ್ದರೆ, ಹಿಡಿತ ಸಾಲದಿದ್ದರೆ ಸರ್ಜನ್ ತಡೆಯುತ್ತಾರೆ. ಅಂಥ ಕಾರಣ ಇದ್ದರೆ ಅದನ್ನು ಚೀಟಿಯಲ್ಲಿ ಬರೆಯಲಿ, ಎಷ್ಟು ವಾರ ಎಂದೂ ಬರೆಯಲಿ.

ಎಬ್ಬಿಸುವ ಬಗೆ ಹೀಗೆ. ನೋವಿನ ಮಾತ್ರೆ ಕೊಟ್ಟು ಅರ್ಧ ಮುಕ್ಕಾಲು ಗಂಟೆ ಬಿಡಿ. ನೋವು ಹೆಚ್ಚಿರುವಾಗ ಎಬ್ಬಿಸಿದರೆ ಅವರು ಹೆದರಿ ಮರುದಿನ ಏಳಲು ಒಪ್ಪುವುದಿಲ್ಲ. ಮೊದಲು ತಲೆಯ ಕಡೆ ಎತ್ತರಿಸಿ, ಆಮೇಲೆ ಕಾಲು ಕೆಳಗೆ ಬಿಟ್ಟು ಮಂಚದ ಅಂಚಿಗೆ ಕೂರಿಸಿ, ಎರಡು ಮೂರು ನಿಮಿಷ ಹಾಗೆಯೇ ಬಿಡಿ. ಬಿಪಿ ಇಳಿದು ತಲೆ ಸುತ್ತುವುದು ಈ ಹೊತ್ತಿನಲ್ಲೇ. ಮುಖ ಬಿಳಚಿಕೊಂಡರೆ, ಬೆವರಿದರೆ ಮಲಗಿಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಕೂರಿಸಿ. ಇವತ್ತಿಗೆ ಬೇಡ ಎಂದು ಕೈಬಿಡಬೇಡಿ. ಮಂಚ ಅವರ ಮೊಣಕಾಲಿನ ಎತ್ತರಕ್ಕಿಂತ ತಗ್ಗಿರಬಾರದು, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಗ್ಗಿನ ಮಂಚವಾದರೆ ನಾಲ್ಕು ಕಾಲಿಗೂ ಅಲುಗದಂತೆ ಮರದ ತುಂಡು ಕೊಡಿಸಿ.

ಏಳುವಾಗ ವಾಕರ್ ಹಿಡಿದು ಎಳೆದುಕೊಂಡು ಏಳುವುದು ಎಲ್ಲರೂ ಮಾಡುವ ತಪ್ಪು. ವಾಕರ್ ಹಗುರ, ಮಗುಚುತ್ತದೆ. ಕೈಗಳು ಮಂಚ ಅಥವಾ ಕುರ್ಚಿಯ ಕೈಯನ್ನು ಒತ್ತಬೇಕು, ಎದ್ದು ನಿಂತ ಮೇಲೆ ವಾಕರ್ ಹಿಡಿಯಬೇಕು. ಸಹಾಯಕ್ಕೆ ನಿಂತವರು ಕಂಕುಳಿಗೆ ಕೈಹಾಕಿ ಎತ್ತುವುದು, ಮುಂದೆ ನಿಂತು ಎರಡೂ ಕೈ ಹಿಡಿದು ಎಳೆಯುವುದು ಇಬ್ಬರನ್ನೂ ಬೀಳಿಸುತ್ತದೆ. ಪಂಚೆಯನ್ನೋ ಟವೆಲನ್ನೋ ಅಗಲ ಪಟ್ಟಿಯಾಗಿ ಮಡಚಿ ಅವರ ಸೊಂಟಕ್ಕೆ, ಗಾಯಕ್ಕೆ ತಾಗದಂತೆ ಮೇಲೆ ಕಟ್ಟಿ, ಆಪರೇಷನ್ ಆದ ಬದಿಗೆ ಒಂದು ಹೆಜ್ಜೆ ಹಿಂದೆ ನಿಂತು ಆ ಪಟ್ಟಿ ಹಿಡಿದುಕೊಳ್ಳಿ.

ವಾಕರ್‌ನ ಎತ್ತರ ನೋಡದೆ ಅಂಗಡಿಯಿಂದ ತಂದ ಹಾಗೇ ಬಳಸುವವರೇ ಜಾಸ್ತಿ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ವಾಕರ್ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಎತ್ತರ ಹೆಚ್ಚಾದರೆ ಭುಜ ನೋಯುತ್ತದೆ, ಕಡಿಮೆಯಾದರೆ ಬಗ್ಗಿ ನಡೆಯುತ್ತಾರೆ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು: ಇದೇ ಕ್ರಮ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ತಿರುಗುವಾಗ ಒಂದೇ ಕಾಲ ಮೇಲೆ ಗಿರ್ರನೆ ತಿರುಗದೆ ಸಣ್ಣ ಹೆಜ್ಜೆಗಳಲ್ಲಿ ಸುತ್ತಬೇಕು. ಮನೆಯೊಳಗೆ ಹಲವರು ಬೀಳುವುದು ಈ ತಿರುಗುವಿಕೆಯಲ್ಲಿ.

ದೂರ ನಡೆಯುವ ಹಟ ಬೇಡ. ಮೊದಲ ವಾರ ಕೋಣೆಯ ಬಾಗಿಲವರೆಗೆ ಹೋಗಿ ಬರುವುದು, ದಿನಕ್ಕೆ ಐದಾರು ಸಲ, ಸಾಕು. ಊಟ ತಿಂಡಿಯೆಲ್ಲ ಕುರ್ಚಿಯಲ್ಲಿ ಕೂತೇ ಆಗಲಿ. ಅದರಿಂದಲೇ ದಿನಕ್ಕೆ ನಾಲ್ಕು ಸಲ ಎದ್ದು ಕೂತಂತಾಗುತ್ತದೆ. ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದೆಣಿಸುವವರೆಗೆ ಹಿಡಿಯುವುದು, ಪೃಷ್ಠ ಬಿಗಿಹಿಡಿದು ಬಿಡುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಚುವುದು, ಇವು ತಲಾ ಹತ್ತು, ದಿನಕ್ಕೆ ಮೂರು ಸಲ. ಕಾಲನ್ನು ನೇರವಾಗಿ ಮೇಲೆತ್ತುವ ವ್ಯಾಯಾಮವನ್ನು ಅನೇಕರು ಮೊದಲ ದಿನವೇ ಮಾಡಿಸುತ್ತಾರೆ. ಉದ್ದದ ಕಾಲನ್ನು ಗಾಳಿಯಲ್ಲಿ ಹಿಡಿಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ಸರ್ಜನ್ ಹೇಳದೆ ಮೊದಲ ವಾರಗಳಲ್ಲಿ ಅದು ಬೇಡ.

ಎರಡನೆಯ ವಾರದ ಹೊತ್ತಿಗೆ ವ್ಯಾಯಾಮವನ್ನು ನಿಂತುಕೊಂಡು ಮಾಡಿಸಬೇಕು. ಕಿಟಕಿ ಸರಳೋ ಅಡುಗೆಕಟ್ಟೆಯೋ ಹಿಡಿದು ಹಿಮ್ಮಡಿ ಎತ್ತುವುದು, ಕಾಲನ್ನು ಪಕ್ಕಕ್ಕೆ ಚಾಚುವುದು, ಹಿಂದಕ್ಕೆ ಚಾಚುವುದು, ಮಂಡಿಯನ್ನು ತುಸು ಬಗ್ಗಿಸಿ ನೆಟ್ಟಗಾಗುವುದು. ಎಲ್ಲಕ್ಕಿಂತ ಹೆಚ್ಚಾಗಿ ಕುರ್ಚಿಯಿಂದ ಎದ್ದು ಕೂರುವುದು: ಐದು ಸಲ, ಆಮೇಲೆ ಎಂಟು, ಆಮೇಲೆ ಹತ್ತು, ಮೊದಲು ಕೈ ಊರಿ, ಮುಂದೆ ಒಂದು ಕೈ, ಕೊನೆಗೆ ಕೈ ಊರದೆ. ಕಕ್ಕಸಿಗೆ ತಾನೇ ಹೋಗಿ ಬರುವ ಶಕ್ತಿ ಇರುವುದು ಈ ಒಂದು ಚಲನೆಯಲ್ಲಿ. ನೋಡಿಕೊಳ್ಳಲು ಒಬ್ಬರೇ ಇರುವ ಮನೆಯಲ್ಲಿ ಬೇರೇನೂ ಆಗದಿದ್ದರೂ ಇದೊಂದನ್ನು ತಪ್ಪಿಸಬಾರದು. ಕಾಲನ್ನು ಪಕ್ಕಕ್ಕೆ ಚಾಚುವುದು ಸೊಂಟದ ಬದಿಯ ಸ್ನಾಯುವಿಗಾಗಿ. ಅದು ಸೋತರೆ ಪ್ರತಿ ಹೆಜ್ಜೆಗೂ ದೇಹ ಒಂದು ಬದಿಗೆ ವಾಲುತ್ತದೆ. ಕೆಲವು ಬಗೆಯ ಬಾಲ್ ಆಪರೇಷನ್‌ನಲ್ಲಿ ಆ ಸ್ನಾಯುವನ್ನೇ ಬಿಡಿಸಿ ಹೊಲಿದಿರುತ್ತಾರೆ, ಅಂಥವರು ಸರ್ಜನ್ ಒಪ್ಪಿದ ಮೇಲೆಯೇ ಇದನ್ನು ಶುರುಮಾಡಬೇಕು.

ಆರನೆಯ ವಾರದಲ್ಲಿ ಎಕ್ಸ್‌ರೇ ಆಗಬೇಕು. ಸಾಮಾನ್ಯವಾಗಿ ಮನೆಯವರು ಫಿಸಿಯೋಥೆರಪಿ ನಿಲ್ಲಿಸುವುದೂ ಈ ಹೊತ್ತಿಗೇ, “ನಡೀತಾರೆ ಬಿಡಿ” ಎಂದು. ಶಕ್ತಿ ತುಂಬುವ ಕೆಲಸ ಆಗಷ್ಟೇ ಆರಂಭವಾಗಬೇಕು. ಸರ್ಜನ್ ಒಪ್ಪಿದರೆ ಅರ್ಧ ಕಿಲೋ ಮರಳಿನ ಚೀಲವನ್ನು ಕಣಕಾಲಿಗೆ ಕಟ್ಟಿ, ಸಲೀಸಾದ ಮೇಲೆ ಒಂದು ಕಿಲೋಗೆ ಏರಿಸಿ, ನಾಲ್ಕಿಂಚು ಎತ್ತರದ ಮೆಟ್ಟಿಲ ಮೇಲೆ ಹತ್ತಿ ಇಳಿಸಿ. ಸುಲಭವಾಗಿ ಇಪ್ಪತ್ತು ಸಲ ಮಾಡಬಲ್ಲ ವ್ಯಾಯಾಮ ಶಕ್ತಿ ಹೆಚ್ಚಿಸುವುದಿಲ್ಲ, ಹತ್ತನೆಯದಕ್ಕೆ ದಣಿಯುವಂತಿರಬೇಕು. ವಾಕರ್ ಬಿಟ್ಟು ಊರುಗೋಲಿಗೆ ಬರುವವರು ಕೋಲನ್ನು ಆಪರೇಷನ್ ಆದ ಬದಿಯ ಎದುರು ಕೈಯಲ್ಲಿ ಹಿಡಿಯಬೇಕು. ನೋಯುವ ಬದಿಗೇ ಕೋಲು ಹಿಡಿದವರನ್ನು ದಿನವೂ ಕಾಣುತ್ತೇವೆ. ಹಾಗೆ ಹಿಡಿದರೆ ಸೊಂಟದ ಭಾರ ಇಳಿಯುವುದಿಲ್ಲ.

ಕಾಲಿಗೆ ಎಣ್ಣೆ ನೀವುವ ಬಗ್ಗೆ ಒಂದು ಎಚ್ಚರಿಕೆ. ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ತಡೆಯುವ ಚುಚ್ಚುಮದ್ದು ಅಥವಾ ಮಾತ್ರೆಯನ್ನು ಸುಮಾರು ಒಂದು ತಿಂಗಳು ಬರೆದಿರುತ್ತಾರೆ, ನಡುವೆ ನಿಲ್ಲಿಸಬೇಡಿ.

ಊಟ. ಆಪರೇಷನ್ ಆದವರಿಗೆ ಗಂಜಿ, ಎಳನೀರು, ಬ್ರೆಡ್ಡು ಎಂಬ ಪಥ್ಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಬಟ್ಟಲು ತಿಳಿ ಗಂಜಿಯಲ್ಲಿ ಎರಡು ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ಈ ಹೊತ್ತಿನಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಮಾದರೂ ಬೇಕು, ಅಂದರೆ ಐವತ್ತು ಕಿಲೋ ಇರುವವರಿಗೆ 60 ಗ್ರಾಂ. ಎರಡು ಲೋಟ ಹಾಲಿನಲ್ಲಿ 13, ಎರಡು ಮೊಟ್ಟೆಯಲ್ಲಿ 12, ಎರಡು ಹೊತ್ತು ಗಟ್ಟಿ ಬೇಳೆಯಲ್ಲಿ 14, ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ 7, ಅನ್ನದಲ್ಲಿ 7, ಒಂದು ಹಿಡಿ ಕಡಲೆಬೀಜದ ಪುಡಿಯಲ್ಲಿ 7, ಅಲ್ಲಿಗೆ ಅರವತ್ತಾಯಿತು. ಮೊಟ್ಟೆ ತಿನ್ನದ ಮನೆಯಲ್ಲಿ ಮೊಸರು, ಪನೀರು, ಹೆಸರುಕಾಳು, ಹುರುಳಿ ಹೆಚ್ಚಿಸಿ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಮ್ಮ ಭಾಗ್ಯ. ಒಂದೇ ಸಲಕ್ಕೆ ತಿನ್ನಲಾರರು, ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಹಲ್ಲುಸೆಟ್ಟು ಆಸ್ಪತ್ರೆಯಲ್ಲಿ ಕಳೆದುಹೋಗಿ ಊಟ ನಿಂತ ಪ್ರಕರಣಗಳು ಎಷ್ಟೋ ಇವೆ, ಅದನ್ನು ಮೊದಲು ಹುಡುಕಿ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ನೋವಿನ ಕೆಲವು ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ, ಹೊಟ್ಟೆ ಕಟ್ಟಿದವರಿಗೆ ಹಸಿವೂ ಇರುವುದಿಲ್ಲ, ಗೊಂದಲವೂ ಹೆಚ್ಚುತ್ತದೆ.

ಗೊಂದಲ ಎಂದದ್ದು ಮನಸ್ಸಿನದನ್ನು. ಆಪರೇಷನ್ ಆದ ಎರಡು ಮೂರು ದಿನಗಳಲ್ಲಿ ಅನೇಕ ಹಿರಿಯರು ಇದ್ದಕ್ಕಿದ್ದಂತೆ ಮನೆಯವರ ಗುರುತು ತಪ್ಪುತ್ತಾರೆ, ರಾತ್ರಿಯೆಲ್ಲ ಕೂಗುತ್ತಾರೆ, ಡ್ರಿಪ್ ಕೀಳುತ್ತಾರೆ, ಇಲ್ಲವೇ ಮಾತೇ ಆಡದೆ ಮಂಕಾಗುತ್ತಾರೆ. ಇದು ಹುಚ್ಚಲ್ಲ, ದೆವ್ವದ ಚೇಷ್ಟೆಯೂ ಅಲ್ಲ. ಸೋಂಕು, ಮೂತ್ರ ಕಟ್ಟಿರುವುದು, ನೋವು, ನೀರು ಸಾಲದಿರುವುದು, ಸೋಡಿಯಂ ಇಳಿದಿರುವುದು, ನಿದ್ದೆಮಾತ್ರೆ, ಇವುಗಳಲ್ಲಿ ಒಂದೋ ಎರಡೋ ಕಾರಣವಾಗಿ ಇರುತ್ತವೆ. ಕಾರಣ ಸರಿಪಡಿಸಿದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಕೈ ಕಟ್ಟಿಹಾಕುವುದರಿಂದ ಇನ್ನಷ್ಟು ಕೆರಳುತ್ತದೆ. ಕನ್ನಡಕ, ಕಿವಿಯ ಯಂತ್ರ ಹಾಕಿ, ಪರಿಚಯದ ಮುಖ ಒಂದು ಹತ್ತಿರವಿರಲಿ, ಹಗಲು ಬೆಳಕು ಬೀಳಲಿ. ಮೂತ್ರದ ಪೈಪನ್ನು ಒಂದೆರಡು ದಿನದಲ್ಲೇ ತೆಗೆಸಲು ಕೇಳಿ. ಡೈಪರ್ ಹಾಕಿಟ್ಟರೆ ಏಳುವ ಕಾರಣವೇ ಇಲ್ಲದಂತಾಗುತ್ತದೆ. ಹಾಸಿಗೆ ಪಕ್ಕದ ಕಮೋಡ್ ಕುರ್ಚಿ ಎಷ್ಟೋ ವಾಸಿ.

ಮನೆಯನ್ನು ಸಿದ್ಧಮಾಡುವುದು ಡಿಸ್ಚಾರ್ಜಿಗೆ ಮೊದಲೇ ಆಗಬೇಕು. ನಮ್ಮ ಹಳೆಯ ಮನೆಗಳ ಹೊಸ್ತಿಲು ನಾಲ್ಕಿಂಚು ಎತ್ತರದ್ದು. ವಾಕರ್ ಅಲ್ಲಿ ನಿಲ್ಲುತ್ತದೆ, ದೇಹ ಮುಂದಕ್ಕೆ ಹೋಗುತ್ತದೆ. ಎರಡೂ ಬದಿಗೆ ಇಳಿಜಾರು ಹಲಗೆ ಹಾಕಿಸಿ, ಇಲ್ಲವೇ ಹೊಸ್ತಿಲಿಲ್ಲದ ಕೋಣೆಗೆ ಮಂಚ ಸರಿಸಿ. ಒದ್ದೆ ಪಾದಕ್ಕೆ ನುಣುಪಾದ ಟೈಲ್ಸೂ ರೆಡ್‌ಆಕ್ಸೈಡ್ ನೆಲವೂ ಅಪಾಯವೇ. ಬಚ್ಚಲಿನ ಬಾಗಿಲಿನಿಂದ ಕಮೋಡಿನವರೆಗೆ ಗೋಡೆಗೆ ಕಬ್ಬಿಣದ ಹಿಡಿಗಳನ್ನು ಇಟ್ಟಿಗೆಯೊಳಗೆ ಗಟ್ಟಿಯಾಗಿ ಕೂರಿಸಿ. ಟವೆಲ್ ಹಾಕುವ ರಾಡ್ ಭಾರಕ್ಕೆ ಕಿತ್ತುಬರುತ್ತದೆ. ಕೂತು ಸ್ನಾನ ಮಾಡಲು ಕೈಯಿರುವ ಕುರ್ಚಿ ಇರಲಿ, ತಗ್ಗಿನ ಮಣೆ ಬೇಡ. ಕುಕ್ಕರಗಾಲಿನ ಕಕ್ಕಸು ಮಾತ್ರ ಇರುವ ಮನೆಯಲ್ಲಿ ಅದರ ಮೇಲೇ ಇಡುವ, ಅಡಿಯಿಲ್ಲದ ಕಮೋಡ್ ಕುರ್ಚಿ ಸಿಗುತ್ತದೆ; ಆಸನ ಹದಿನೆಂಟರಿಂದ ಇಪ್ಪತ್ತಿಂಚು ಎತ್ತರವಿರಲಿ. ನೆಲಕ್ಕೆ ಎಳೆಯುವ ಸೀರೆ ನೆರಿಗೆ, ಉದ್ದದ ನೈಟಿ, ಹಿಂದೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ, ಬಾಗಿಲಲ್ಲಿ ಹಾಸಿದ ಹಳೆಸೀರೆಯ ಚಾಪೆ, ಇವನ್ನೆಲ್ಲ ತೆಗೆಯಿರಿ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯಲಿ.

ಎಷ್ಟು ದಿನಕ್ಕೆ ಮೊದಲಿನಂತಾಗುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೊಂಟ ಮುರಿದ ಹಿರಿಯರನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಗಿದೆ. ಮನಸ್ಸಿನ ಕುಗ್ಗುವಿಕೆ, ನೆನಪು, ಕೈಗಳಿಂದ ಮಾಡುವ ಕೆಲಸ ಇವು ಸುಮಾರು ನಾಲ್ಕು ತಿಂಗಳಲ್ಲಿ ಸುಧಾರಿಸುವಷ್ಟು ಸುಧಾರಿಸಿದವು. ನಡಿಗೆ, ಸಮತೋಲನ ಸುಧಾರಿಸಲು ಒಂಬತ್ತು ತಿಂಗಳಾಯಿತು. ಸ್ನಾನ, ಮೆಟ್ಟಿಲು ಮುಂತಾದ ಕಾಲಿನ ಕೆಲಸಗಳು ಹೆಚ್ಚುಕಡಿಮೆ ವರ್ಷದವರೆಗೆ ಸುಧಾರಿಸುತ್ತಲೇ ಇದ್ದವು. ಮೂಳೆ ಮೂರು ನಾಲ್ಕು ತಿಂಗಳಲ್ಲಿ ಕೂಡಿತೆಂದು ವ್ಯಾಯಾಮ ನಿಲ್ಲಿಸುವವರು ಇನ್ನೂ ಸಿಗಬೇಕಾಗಿದ್ದ ಅರ್ಧವನ್ನು ಬಿಟ್ಟುಕೊಡುತ್ತಾರೆ.

ಬದುಕಿನ ಗುಣಮಟ್ಟ ಅಳೆಯಲು ಜಗತ್ತಿನಾದ್ಯಂತ ಬಳಸುವ ಇಕ್ಯು-5ಡಿ ಎಂಬ ಪ್ರಶ್ನಾವಳಿ ಐದು ವಿಷಯ ಕೇಳುತ್ತದೆ: ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ. ಒಳ್ಳೆಯದೇ. ಆದರೆ ನಮ್ಮ ಹಿರಿಯರಿಗೆ ಅದರೊಂದಿಗೆ ಇನ್ನೊಂದಿಷ್ಟು ಕೇಳಬೇಕು. ದೇವರ ಮುಂದೆ ಕೂರಬಲ್ಲಿರಾ, ಪಂಕ್ತಿಯಲ್ಲಿ ಕೂತು ಉಣ್ಣಬಲ್ಲಿರಾ, ಬಸ್ಸು ಹತ್ತಬಲ್ಲಿರಾ, ಜಗುಲಿಗೆ ಬಂದು ನಾಲ್ಕು ಮಾತಾಡಬಲ್ಲಿರಾ? ರಾಡ್ ಹಾಕಿದವರು ಮೂಳೆ ಕೂಡಿದ್ದು ಎಕ್ಸ್‌ರೇಯಲ್ಲಿ ಖಚಿತವಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ನಿಧಾನವಾಗಿ ಕಲಿಯಬಹುದು. ಬಾಲ್ ಬದಲಿಸಿದವರಿಗೆ ಬಹುಪಾಲು ಸರ್ಜನ್‌ಗಳು ನೆಲ, ಕುಕ್ಕರಗಾಲು ಎರಡನ್ನೂ ಬೇಡವೆನ್ನುತ್ತಾರೆ. ಅವರಿಗೆ ಪೂಜೆಯಲ್ಲೂ ಮದುವೆಯೂಟದಲ್ಲೂ ಕುರ್ಚಿ ಹಾಕಿಕೊಡಿ, ಇದಕ್ಕಾಗಿ ಮನೆಯಲ್ಲಿ ಬಿಟ್ಟುಹೋಗಬೇಡಿ. ಮತ್ತೆ ಬೀಳುವ ಭಯ ಕೆಲವರನ್ನು ಗಾಯಕ್ಕಿಂತ ಹೆಚ್ಚಾಗಿ ಕಟ್ಟಿಹಾಕುತ್ತದೆ. “ನೀನು ಏಳಬೇಡಮ್ಮ, ನಾನೇ ತಂದುಕೊಡ್ತೀನಿ” ಎಂದು ಮನೆಯವರು ಅದನ್ನು ಬೆಳೆಸದೆ, ಜೊತೆಗೆ ನಿಂತು ಅವರಿಂದಲೇ ಮಾಡಿಸಬೇಕು.

ಕಾಯಬಾರದ ಲಕ್ಷಣಗಳು ಕೆಲವಿವೆ. ಚೆನ್ನಾಗಿ ನಡೆಯುತ್ತಿದ್ದವರಿಗೆ ತೊಡೆಸಂದಿಯಲ್ಲಿ ನೋವು ಏಕಾಏಕಿ ಹೆಚ್ಚಾಗಿ ಕಾಲೂರಲು ಆಗದಿದ್ದರೆ ರಾಡಿನ ಸ್ಕ್ರೂ ಮೂಳೆ ಕೊರೆದು ಹೊರಬಂದಿರಬಹುದು, ಇಲ್ಲವೇ ಬಾಲ್ ಜಾರಿರಬಹುದು. ಕಾಲು ಗಿಡ್ಡವಾಗಿ ಕಾಣುವುದು, ಪಾದ ತಿರುಗಿ ನಿಲ್ಲುವುದು ಇದಕ್ಕೆ ಗುರುತು. ಗಾಯ ಕೆಂಪಾಗಿ ಕೀವು ಒಸರಿದರೆ, ಹತ್ತು ದಿನ ಕಳೆದರೂ ಒದ್ದೆಯಾಗುತ್ತಲೇ ಇದ್ದರೆ ಊರಲ್ಲೇ ಆ್ಯಂಟಿಬಯಾಟಿಕ್ ನುಂಗಿಸುತ್ತ ಕೂರದೆ ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆ ಕ್ಷಣವೇ.

ಇಷ್ಟೆಲ್ಲ ಮಾಡಿದ ಮೇಲೂ ಬಿಟ್ಟುಹೋಗುವುದು ಒಂದಿದೆ, ನಮಗೆ ತೀರಾ ಸಂಕಟ ಕೊಡುವುದು ಅದೇ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಸೊಂಟ ಮುರಿಯಿತೆಂದರೆ ಮೂಳೆ ಸವೆದಿದೆ ಎಂದೇ ಅರ್ಥ. ಅದನ್ನು ಒಪ್ಪಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ಗಾಗಿ ಕಾಯಬೇಕಿಲ್ಲ. ಮುರಿದದ್ದನ್ನು ಸರಿಮಾಡಿ, ಸವೆದ ಮೂಳೆಗೆ ಔಷಧ ಕೊಡದೆ ಕಳಿಸಿದರೆ ಇನ್ನೊಂದು ಸೊಂಟ, ಬೆನ್ನುಮೂಳೆ, ಮಣಿಕಟ್ಟು ಸರದಿಯಲ್ಲಿ ನಿಂತಿರುತ್ತವೆ. ಬರಿಯ ಕ್ಯಾಲ್ಸಿಯಂ ಮಾತ್ರೆ ಸಾಲದು. ಸೊಂಟದ ಆಪರೇಷನ್ ಆದ ತೊಂಬತ್ತು ದಿನದೊಳಗೆ, ಆಮೇಲೆ ವರ್ಷಕ್ಕೊಮ್ಮೆ, ಮೂಳೆ ಸವೆತ ತಡೆಯುವ ಜೋಲೆಡ್ರೋನಿಕ್ ಆ್ಯಸಿಡ್ 5 ಮಿಲಿಗ್ರಾಂ ಡ್ರಿಪ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಪ್ರಯೋಗದಲ್ಲಿ ಹೊಸ ಮುರಿತಗಳು ಶೇ 35ರಷ್ಟು, ಸಾವು ಶೇ 28ರಷ್ಟು ಕಡಿಮೆಯಾದವು. ಡ್ರಿಪ್‌ಗೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ನೋಡಬೇಕು. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕೊಡುವುದು ರೂಢಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು. ಡ್ರಿಪ್ ಬದಲು ಮೂಳೆ ಸವೆತಕ್ಕೇ ಕೊಡುವ ವಾರಕ್ಕೊಂದರ ಅಲೆಂಡ್ರೊನೇಟ್ ಮಾತ್ರೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪೂರ್ತಿ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ಅನ್ನನಾಳ ಹುಣ್ಣಾಗುತ್ತದೆ. ಕೂರಲಾಗದವರಿಗೆ ಅದು ಬೇಡ. ಜೊತೆಗೆ ಬಿದ್ದದ್ದೇಕೆ ಎಂದೂ ಹುಡುಕಬೇಕು: ಕಣ್ಣಿನ ಪೊರೆ, ನಿದ್ದೆಮಾತ್ರೆ, ಎದ್ದಾಗ ಇಳಿಯುವ ಬಿಪಿ, ರಾತ್ರಿ ಪದೇಪದೇ ಮೂತ್ರ.

ಬ್ರಿಟನ್ನಿನಲ್ಲಿ 2007ರಿಂದ ಸೊಂಟ ಮುರಿದವರ ರಾಷ್ಟ್ರೀಯ ದಾಖಲೆ ಇಡುತ್ತಾರೆ. 36 ಗಂಟೆಯೊಳಗೆ ಆಪರೇಷನ್ ಆಯಿತೇ, ಮರುದಿನ ಹಾಸಿಗೆಯಿಂದ ಎಬ್ಬಿಸಿದರೇ, ಮೂಳೆಗೆ ಔಷಧ ಕೊಟ್ಟರೇ, 120ನೆಯ ದಿನ ಹೇಗಿದ್ದಾರೆ ಎಂದು ಪ್ರತಿ ಆಸ್ಪತ್ರೆಯ ಲೆಕ್ಕ ಅದರಲ್ಲಿ ಸಿಗುತ್ತದೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಇಂಥವರನ್ನು ಮೂಳೆ ವಾರ್ಡಿನ ಬದಲು ಹಿರಿಯರ ವಾರ್ಡಿನಲ್ಲಿ ನೋಡಿಕೊಂಡಾಗ ನಾಲ್ಕು ತಿಂಗಳ ನಂತರದ ಓಡಾಟ ಉತ್ತಮವಾಗಿತ್ತು ಎಂಬ ಫಲಿತಾಂಶ 2015ರಲ್ಲಿ ಬಂದಿದೆ. ನಮ್ಮಲ್ಲೂ 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ ಹತ್ತು ಹಾಸಿಗೆಯ ಹಿರಿಯರ ವಾರ್ಡು, ಫಿಸಿಯೋಥೆರಪಿ ಘಟಕ ಇರಬೇಕೆಂಬ ಏರ್ಪಾಡಿದೆ. ಸೊಂಟದ ಆಪರೇಷನ್ ಆದವರನ್ನು ಆ ವಾರ್ಡಿನೊಂದಿಗೆ ಜೋಡಿಸಲು ಹೊಸ ಕಟ್ಟಡ ಬೇಕಿಲ್ಲ.

ಆರೋಗ್ಯ ಇಲಾಖೆಯಿಂದ ನಾವು ಕೇಳುವುದು ಎರಡು. ಒಂದು, ಈ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ ಕನ್ನಡದಲ್ಲಿ ಒಂದು ಪುಟದ ಕಾರ್ಡು ಕೊಡಬೇಕು. ಆದ ಆಪರೇಷನ್ ಯಾವುದು, ಎಷ್ಟು ಭಾರ ಹಾಕಬಹುದು, ಯಾವ ಚಲನೆ ಎಷ್ಟು ವಾರ ಬೇಡ, ವ್ಯಾಯಾಮಗಳ ಚಿತ್ರ, ಮೂಳೆಗೆ ಕೊಡುವ ಔಷಧ ಮತ್ತು ಅದರ ದಿನಾಂಕ, ಆರನೆಯ ಮತ್ತು ಹನ್ನೆರಡನೆಯ ವಾರದ ಎಕ್ಸ್‌ರೇ, ತೊಂದರೆಯಾದರೆ ಕರೆಯಬೇಕಾದ ಫೋನ್ ನಂಬರು ಅದರಲ್ಲಿರಲಿ. ಆ ಕಾರ್ಡು ಕೊಡುವಾಗ ಮನೆಯವರೊಬ್ಬರ ಕೈಯಿಂದ ರೋಗಿಯನ್ನು ಎಬ್ಬಿಸಿ, ನಡೆಸಿ, ಕೂರಿಸಿ ಕಲಿಸಿಯೇ ಕಳಿಸಲಿ. ಎರಡು, ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೆಯ ದಿನಗಳಲ್ಲಿ ಹೋಗಿ ಮಗುವನ್ನು ನೋಡುವ ವ್ಯವಸ್ಥೆ ಈಗಾಗಲೇ ಇದೆ. ಸೊಂಟದ ಆಪರೇಷನ್ ಆಗಿ ಬಂದ ಹಿರಿಯರಿಗೂ ಅಂಥದೇ ದಿನಪಟ್ಟಿ ಮಾಡಿ, ಆಶಾ ಕಾರ್ಯಕರ್ತೆಯರಿಗೆ ಅದಕ್ಕೆ ಪ್ರತ್ಯೇಕ ಗೌರವಧನ ಕೊಟ್ಟು, ನಾಲ್ಕು ಪ್ರಶ್ನೆ ಕಲಿಸಬಹುದು: ಇವತ್ತು ಎಷ್ಟು ಸಲ ಎದ್ದರು, ಏನು ತಿಂದರು, ಬೆನ್ನಿನಲ್ಲೋ ಹಿಮ್ಮಡಿಯಲ್ಲೋ ಕೆಂಪಾಗಿದೆಯೇ, ಮೀನಖಂಡ ಊದಿದೆಯೇ? ಉತ್ತರ ಸರಿಯಿಲ್ಲದ ಮನೆಗೆ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹೋಗಬೇಕು, ಅವರಿಗೆ ವಾಹನ ಕೊಡಬೇಕು. ಆ ಹುದ್ದೆ ಖಾಲಿಯಿರುವ ತಾಲ್ಲೂಕುಗಳಲ್ಲಿ ಮೊದಲು ಅದನ್ನು ತುಂಬಬೇಕು.

ತಮ್ಮ ವಿಶ್ವಾಸಿಗಳು,
ಮೂಳೆ ವಾರ್ಡುಗಳಲ್ಲಿ ಕೆಲಸ ಮಾಡುವ ಕೆಲವು ಫಿಸಿಯೋಥೆರಪಿಸ್ಟ್‌ಗಳು ಮತ್ತು ನರ್ಸ್‌ಗಳು